ದೂಳಿಗೆ ದುಡ್ಡು, ಹೊಗೆಗೆ ಚಿಲ್ಲರೆ

ಪರಿಸರ ರಕ್ಷಣೆಗೆ ಕೇಂದ್ರ ಬಜೆಟ್‌ನಲ್ಲಿ ಎಷ್ಟು ಹಣ ಸಿಕ್ಕಿತು ಎಂಬ ಚರ್ಚೆ ಪ್ರತಿವರ್ಷ ನಡೆಯುತ್ತದೆ. ಆ ಹಣ ಯಾವುದಕ್ಕೆ ವೆಚ್ಚವಾಯಿತು ಎಂದು ಕೇಳುವವರು ಕಡಿಮೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಡಿ ಖರ್ಚಾದ ಹಣದಲ್ಲಿ ಸುಮಾರು ಶೇ 64ರಷ್ಟು ರಸ್ತೆ ದೂಳಿನ ನಿಯಂತ್ರಣಕ್ಕೇ ಹೋಗಿದ್ದು, ಕೈಗಾರಿಕಾ ಮಾಲಿನ್ಯದ ತಡೆಗೆ ಶೇ 1ರಷ್ಟೂ ದಕ್ಕಿಲ್ಲವೆಂದು ದೆಹಲಿಯ ಸರ್ಕಾರೇತರ ಸಂಸ್ಥೆ ವಿಜ್ಞಾನ ಮತ್ತು ಪರಿಸರ ಕೇಂದ್ರವು (ಸಿಎಸ್‌ಇ) 2024ರಲ್ಲಿ ಹೇಳಿತ್ತು. ಬೆಳಿಗ್ಗೆ ಟ್ಯಾಂಕರ್‌ನಿಂದ ಚಿಮುಕಿಸಿದ ನೀರು ಮಧ್ಯಾಹ್ನದೊಳಗೆ ಆರಿ, ಅದೇ ದೂಳು ಮತ್ತೆ ಏಳುತ್ತದೆ (ಬೇಸಿಗೆಯಲ್ಲಂತೂ ಅಷ್ಟು ಹೊತ್ತೂ ಬೇಕಿಲ್ಲ). ಶ್ವಾಸಕೋಶದ ಆಳಕ್ಕಿಳಿಯುವ ಅತಿಸೂಕ್ಷ್ಮ ಪಿಎಂ 2.5 ಕಣಗಳು ಹೆಚ್ಚಾಗಿ ಹುಟ್ಟುವುದು ಉರಿಯುವ ಇಂಧನ, ಕಸ, ಕೂಳೆಗಳಿಂದ. ನಗರಗಳ ಸಾಧನೆಯನ್ನು ಅಳೆಯುತ್ತಿರುವುದು ಮಾತ್ರ ದೂಳಿನಂಥ ದಪ್ಪ ಕಣಗಳೂ ಸೇರಿದ ಪಿಎಂ 10ರ ಲೆಕ್ಕದಲ್ಲಿ. ಇನ್ನು ಮುಂದಾದರೂ ಅನುದಾನ ಬಿಡುಗಡೆಗೆ ಪಿಎಂ 2.5ರ ಇಳಿಕೆಯನ್ನೇ ಮಾನದಂಡವಾಗಿಸಿ, ಹೊಗೆಯ ಮೂಲಗಳ ನಿಯಂತ್ರಣಕ್ಕೆ ಕನಿಷ್ಠ ಪಾಲನ್ನು ನಿಗದಿಪಡಿಸಬೇಕು.