ಸೌಂಡ್ ಬಾರದ ಕಂಪ್ಯೂಟರನ್ನು ಪೇಟೆಗೆ ಹೊರುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಮನೆಯ ಕಂಪ್ಯೂಟರಿನಲ್ಲಿ ಇದ್ದಕ್ಕಿದ್ದಂತೆ ಧ್ವನಿ ನಿಂತುಹೋದರೆ, ನಮ್ಮ ಜಿಲ್ಲೆಯ ತೋಟದ ಮನೆಗಳವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೆಂದರೆ ಸಿಪಿಯು ಡಬ್ಬವನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಜೀಪಿನಲ್ಲೋ ಬಸ್ಸಿನಲ್ಲೋ ಮಡಿಕೇರಿಗೋ ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಒಯ್ಯುವುದು. ಸುರಿಯುವ ಮಳೆಯಲ್ಲಿ, ತಿರುವುಗಳ ರಸ್ತೆಯಲ್ಲಿ ಹೀಗೆ ಹೊತ್ತೊಯ್ದ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ರಿಪೇರಿಯೇ ಬೇಕಿರುವುದಿಲ್ಲ ಎಂಬುದು, ಅಕ್ಕಪಕ್ಕದ ಮನೆಗಳಲ್ಲಿ ಇಂಥ ತೊಂದರೆಗಳನ್ನು ನೋಡುತ್ತ ಬಂದಿರುವ ನನ್ನ ಅನುಭವ. ಜನರ ಹಣ ಮತ್ತು ಒಂದು ದಿನದ ಕೆಲಸ ಎರಡೂ ವ್ಯರ್ಥವಾಗುವುದನ್ನು ತಪ್ಪಿಸಬಹುದೆಂಬ ಕಳಕಳಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಡಬ್ಬವನ್ನು ಮಾತ್ರ ಅಂಗಡಿಗೆ ಒಯ್ಯುವುದರಲ್ಲೇ ಒಂದು ದೊಡ್ಡ ತೊಡಕಿದೆ. ಸ್ಪೀಕರ್, ಅದರ ವಯರು, ಮಾನಿಟರ್ ಇವೆಲ್ಲ ಮನೆಯಲ್ಲೇ ಉಳಿದಿರುತ್ತವೆ. ಅಂಗಡಿಯವರು ತಮ್ಮ ಮೇಜಿನ ಮೇಲಿರುವ ಮಾನಿಟರನ್ನೂ ಸ್ಪೀಕರನ್ನೂ ಜೋಡಿಸಿ ಚಾಲೂ ಮಾಡಿದಾಗ ಧ್ವನಿ ಚೆನ್ನಾಗಿಯೇ ಬರುತ್ತದೆ. ಅವರು ಏನೋ ಸರಿಪಡಿಸಿದ್ದೇವೆಂದು ಹೇಳಿ ದುಡ್ಡು ಪಡೆದು ಕಳುಹಿಸುತ್ತಾರೆ, ಮನೆಗೆ ಬಂದು ಜೋಡಿಸಿದರೆ ಮತ್ತೆ ಮೌನ. ದೋಷ ಇದ್ದದ್ದು ಮನೆಯಲ್ಲೇ ಉಳಿದ ಭಾಗದಲ್ಲಿ ಅಥವಾ ಆ ಭಾಗಗಳು ಕಂಪ್ಯೂಟರಿಗೆ ಹೊಂದಿಕೊಂಡ ರೀತಿಯಲ್ಲಿ. ಆದ್ದರಿಂದ ಪರೀಕ್ಷೆ ಮನೆಯಲ್ಲೇ, ಎಲ್ಲ ವಯರುಗಳು ಇದ್ದ ಹಾಗೆಯೇ ಇರುವಾಗ ಶುರುವಾಗಬೇಕು.

ಮೊದಲ ಪರೀಕ್ಷೆಗೆ ಯಾವ ಜ್ಞಾನವೂ ಬೇಡ. ಇಯರ್‌ಫೋನ್ ಪಿನ್ ಹಾಕುವ ತೂತಿರುವ ಮೊಬೈಲು ಮನೆಯಲ್ಲಿದ್ದರೆ, ಸ್ಪೀಕರಿನ ಪಿನ್ನನ್ನು ಕಂಪ್ಯೂಟರಿನಿಂದ ಕಿತ್ತು ಆ ಮೊಬೈಲಿಗೆ ಚುಚ್ಚಿ ಏನನ್ನಾದರೂ ಹಾಡಿಸಬೇಕು. ಹಾಗೆಯೇ ಇಯರ್‌ಫೋನನ್ನು ಕಂಪ್ಯೂಟರಿಗೆ ಹಾಕಿ ಕೇಳಬೇಕು. ಮೊಬೈಲಿನಲ್ಲೂ ಸ್ಪೀಕರ್ ಸುಮ್ಮನಿದ್ದರೆ ದೋಷ ಸ್ಪೀಕರಿನದೋ ಅದರ ವಯರಿನದೋ ಆಗಿರುತ್ತದೆ. ಮೊಬೈಲಿನಲ್ಲಿ ಹಾಡಿದರೆ ಸ್ಪೀಕರಿನ ಮೇಲೆ ಅನುಮಾನ ಪಡುವ ಅಗತ್ಯವೇ ಇಲ್ಲ. ಇಷ್ಟರಿಂದಲೇ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ. ಸ್ಪೀಕರಿಗೆ ತನ್ನದೇ ಕರೆಂಟಿನ ವಯರು ಮತ್ತು ಧ್ವನಿ ಏರಿಸುವ ತಿರುಪು ಇದ್ದರೆ, ದೀಪ ಉರಿಯುತ್ತಿದೆಯೇ, ತಿರುಪು ಯಾರ ಕೈ ತಾಗಿಯೋ ಕೆಳಕ್ಕೆ ಹೋಗಿದೆಯೇ ಎಂದು ಅದೇ ಹೊತ್ತಿಗೆ ನೋಡಿಬಿಡಬಹುದು.

ಪಿನ್ನನ್ನು ಕಿತ್ತಾಗ ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡಬೇಕೆಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ತಿಂಗಳುಗಟ್ಟಲೆ ಗೋಡೆ ಬೆವರುವ, ಬಟ್ಟೆ ಒಣಗದ ನಮ್ಮ ಊರುಗಳಲ್ಲಿ ಹೊಳೆಯಬೇಕಾದ ಆ ಲೋಹದ ಉಂಗುರಗಳ ಮೇಲೆ ಮಬ್ಬು ಪೊರೆ ಕಟ್ಟಿರುತ್ತದೆ, ಕೆಲವೊಮ್ಮೆ ಹಸಿರು ಕಿಲುಬೇ ಕಾಣುತ್ತದೆ. ಒಣ ಬಟ್ಟೆಯಿಂದ ಒರೆಸಿ, ಕಂಪ್ಯೂಟರ್ ಆರಿಸಿದ ಸ್ಥಿತಿಯಲ್ಲಿ ಪಿನ್ನನ್ನು ನಾಲ್ಕಾರು ಸಲ ಒಳಗೆ ಹೊರಗೆ ಮಾಡಿದರೆ ಎಷ್ಟೋ ವೇಳೆ ಸಂಪರ್ಕ ಮರಳುತ್ತದೆ. ಲ್ಯಾಪ್‌ಟಾಪುಗಳಲ್ಲಿ ಇದರದೇ ಇನ್ನೊಂದು ರೂಪವಿದೆ: ತೂತಿನೊಳಗಿನ ಪುಟ್ಟ ಸ್ವಿಚ್ಚು ಅಂಟಿಕೊಂಡು, ಪಿನ್ ತೆಗೆದ ಮೇಲೂ ಇಯರ್‌ಫೋನ್ ಇನ್ನೂ ಇದೆಯೆಂದೇ ಯಂತ್ರ ಭಾವಿಸಿ ತನ್ನ ಸ್ವಂತ ಸ್ಪೀಕರನ್ನು ಮುಚ್ಚಿಟ್ಟಿರುತ್ತದೆ. ಅದಕ್ಕೂ ಇದೇ ಉಪಾಯ. ಆ ತೂತಿಗೆ ಎಣ್ಣೆಯನ್ನಾಗಲಿ ನೀರನ್ನಾಗಲಿ ಖಂಡಿತ ಹಾಕಬಾರದು. ಡಬ್ಬದ ಹಿಂಬದಿಯಲ್ಲಿ ಹಸಿರು ಬಣ್ಣದ ತೂತು ಸ್ಪೀಕರಿಗೆ, ಗುಲಾಬಿ ಬಣ್ಣದ್ದು ಮೈಕಿಗೆ, ನೀಲಿ ಹೊರಗಿನಿಂದ ಧ್ವನಿ ಒಳತರುವುದಕ್ಕೆ. ಗುಡಿಸುವಾಗ ಕಳಚಿದ ವಯರನ್ನು ಕತ್ತಲಲ್ಲಿ ತಡಕಿ ನೀಲಿಗೆ ಚುಚ್ಚಿರುವುದು ಅಪರೂಪವೇನಲ್ಲ.

ಇಷ್ಟೆಲ್ಲ ಸರಿಯಿದ್ದೂ ಧ್ವನಿ ಬರದಿದ್ದರೆ, ಧ್ವನಿ ಎಲ್ಲಿಗೆ ಹೋಗುತ್ತಿದೆ ಎಂದು ನೋಡಬೇಕು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದದ್ದು ಇದು. ಹಳೆಯ ವಿಜಿಎ ವಯರು ಚಿತ್ರವನ್ನು ಮಾತ್ರ ಒಯ್ಯುತ್ತಿತ್ತು. ಈಗಿನ ಎಚ್‌ಡಿಎಂಐ ವಯರು ಚಿತ್ರದ ಜೊತೆಗೆ ಧ್ವನಿಯನ್ನೂ ಒಯ್ಯುತ್ತದೆ. ಹೀಗಾಗಿ ಹೊಸ ಮಾನಿಟರನ್ನೋ ಟಿವಿಯನ್ನೋ ಎಚ್‌ಡಿಎಂಐ ಮೂಲಕ ಜೋಡಿಸಿದಾಗ, ವಿಂಡೋಸ್ ಅದನ್ನೇ ಸ್ಪೀಕರೆಂದು ಆರಿಸಿಕೊಂಡು ಧ್ವನಿಯನ್ನೆಲ್ಲ ಅತ್ತ ತಿರುಗಿಸಿಬಿಡುವುದುಂಟು. ಮಾನಿಟರುಗಳಲ್ಲಿ ಅನೇಕವಕ್ಕೆ ಸ್ಪೀಕರೇ ಇರುವುದಿಲ್ಲ. ನಮ್ಮ ನೆರೆಯ ಹಿರಿಯರೊಬ್ಬರಿಗೆ ಒಂದು ಅಂಗಡಿಯಲ್ಲಿ, “ಬೋರ್ಡಿನಲ್ಲಿ ಸೌಂಡ್ ಹೋಗಿದೆ, ಬೋರ್ಡನ್ನೇ ಬದಲಿಸಬೇಕು” ಎಂದಿದ್ದರು. ಅವರ ಮನೆಗೆ ಹೋಗಿ ನೋಡಿದರೆ, ಪರದೆಯ ಕೆಳಗಿನ ಬಲಮೂಲೆಯ ಸ್ಪೀಕರ್ ಚಿತ್ರವನ್ನು ಒತ್ತಿದಾಗ ಕಂಡದ್ದು ಹೊಸ ಮಾನಿಟರಿನ ಹೆಸರು. ಪಕ್ಕದ ಬಾಣದ ಗುರುತನ್ನು ಒತ್ತಿ, ಪಟ್ಟಿಯಲ್ಲಿ ರಿಯಲ್‌ಟೆಕ್ (ಸೌಂಡ್ ಚಿಪ್ ತಯಾರಿಸುವ ಕಂಪನಿ) ಎಂಬ ಹೆಸರಿದ್ದ ಸ್ಪೀಕರನ್ನು ಆರಿಸಿದ ಕೂಡಲೇ, ಸೈನ್ಯದಲ್ಲಿರುವ ಮಗನೊಂದಿಗೆ ಅವರು ವಿಡಿಯೋ ಕರೆಯಲ್ಲಿ ಮೊದಲಿನಂತೆ ಮಾತನಾಡತೊಡಗಿದರು.

ಪಟ್ಟಿಯಲ್ಲಿ ಸ್ಪೀಕರಿನ ಹೆಸರೇ ಕಾಣದಿದ್ದರೆ ವಿಂಡೋಸ್ ಕೀಲಿಯ ಜೊತೆ ಆರ್ ಅಕ್ಷರ ಒತ್ತಿ, ತೆರೆದ ಪೆಟ್ಟಿಗೆಯಲ್ಲಿ ಎಂ-ಎಂ-ಎಸ್-ವೈ-ಎಸ್, ಚುಕ್ಕೆ, ಸಿ-ಪಿ-ಎಲ್ ಎಂಬ ಇಂಗ್ಲಿಷ್ ಅಕ್ಷರಗಳನ್ನು (mmsys.cpl) ನಡುವೆ ಜಾಗ ಬಿಡದೆ ಟೈಪಿಸಿ ಎಂಟರ್ ಒತ್ತಬೇಕು. ಹಳೆಯ ಮಾದರಿಯ ಸೌಂಡ್ ಕಿಟಕಿ ತೆರೆಯುತ್ತದೆ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ಡಿಸೇಬಲ್ ಆಗಿರುವ ಸಾಧನಗಳನ್ನೂ ತೋರಿಸುವಂತೆ ಗುರುತು ಹಾಕಿದರೆ, ಮಕ್ಕಳ ಆಟದಲ್ಲೋ ಯಾವುದೋ ಅಪ್‌ಡೇಟಿನಲ್ಲೋ ಬಂದ್ ಆಗಿದ್ದ ಸ್ಪೀಕರ್ ಅಲ್ಲಿ ಮಸುಕಾಗಿ ಕಾಣಿಸುತ್ತದೆ. ಅದನ್ನು ಎನೇಬಲ್ ಮಾಡಿದರಾಯಿತು. ಆ ಕಿಟಕಿಯಲ್ಲಿ ಇನ್ನೊಂದು ಅನುಕೂಲವಿದೆ. ಏನನ್ನಾದರೂ ಹಾಡಲು ಬಿಟ್ಟು ನೋಡುತ್ತಿದ್ದರೆ, ಧ್ವನಿ ಯಾವ ಸಾಧನಕ್ಕೆ ಹೋಗುತ್ತಿದೆಯೋ ಅದರ ಪಕ್ಕದಲ್ಲಿ ಹಸಿರು ಪಟ್ಟಿ ಏರಿಳಿಯುತ್ತದೆ. ಸ್ಪೀಕರಿನ ಮುಂದೆ ಹಸಿರು ಕುಣಿಯುತ್ತಿದ್ದೂ ಕಿವಿಗೆ ಏನೂ ಕೇಳದಿದ್ದರೆ ದೋಷ ಹೊರಗಿನ ವಯರು, ತೂತು ಅಥವಾ ಸ್ಪೀಕರಿನ ಕಡೆಗೇ ಇದೆಯೆಂದು ಬಹುಮಟ್ಟಿಗೆ ನಂಬಬಹುದು. ಹಸಿರೇ ಏಳದಿದ್ದರೆ ಒಳಗೆ ಹುಡುಕಬೇಕು.

ಒಂದೇ ತಂತ್ರಾಂಶದಲ್ಲಿ ಮಾತ್ರ ಧ್ವನಿ ಇಲ್ಲವೆಂದಾದರೆ, ಒಂದೊಂದು ತಂತ್ರಾಂಶದ ಧ್ವನಿಯನ್ನೂ ಬೇರೆಬೇರೆಯಾಗಿ ಏರಿಳಿಸುವ ವಾಲ್ಯೂಮ್ ಮಿಕ್ಸರಿನಲ್ಲಿ ಅದೊಂದೇ ಮ್ಯೂಟ್ ಆಗಿರಬಹುದು. ಪಕ್ಕದ ಕೋಣೆಯಲ್ಲಿ ಬಿದ್ದಿರುವ ಬ್ಲೂಟೂತ್ ಇಯರ್‌ಫೋನ್ ಧ್ವನಿಯನ್ನು ಎಳೆದುಕೊಂಡಿರುವುದೂ ಉಂಟು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ಅನೇಕರು ವಿಂಡೋಸ್ 11ಕ್ಕೆ ಬದಲಾಗಿದ್ದಾರೆ. ಇಂಥ ಬದಲಾವಣೆಯ ಅಥವಾ ದೊಡ್ಡ ಅಪ್‌ಡೇಟಿನ ಮರುದಿನವೇ ಧ್ವನಿ ನಿಂತಿದ್ದರೆ ಸೌಂಡ್ ಡ್ರೈವರನ್ನು, ಅಂದರೆ ಸೌಂಡ್ ಚಿಪ್ಪನ್ನು ವಿಂಡೋಸಿಗೆ ಹೊಂದಿಸುವ ತಂತ್ರಾಂಶವನ್ನು, ಅನುಮಾನಿಸಬೇಕು. ಡಿವೈಸ್ ಮ್ಯಾನೇಜರ್ ತೆರೆದು, ಸೌಂಡಿಗೆ ಸಂಬಂಧಿಸಿದ ಸಾಧನದ ಪ್ರಾಪರ್ಟೀಸಿನಲ್ಲಿ ಹಿಂದಿನ ಡ್ರೈವರಿಗೆ ಮರಳುವ ಗುಂಡಿ ಇದ್ದರೆ ಅದನ್ನು ಒತ್ತಬೇಕು. ಅದು ಮಸುಕಾಗಿದ್ದರೆ ಆ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದರೆ, ವಿಂಡೋಸ್ ಸಾಮಾನ್ಯವಾಗಿ ಸಾಧನವನ್ನು ಮತ್ತೆ ಗುರುತಿಸಿ ಡ್ರೈವರನ್ನು ತಾನೇ ಕೂರಿಸುತ್ತದೆ. ಹೊಸ ಡ್ರೈವರ್ ಬೇಕೇಬೇಕೆಂದಾದರೆ ಕಂಪ್ಯೂಟರ್ ತಯಾರಿಸಿದ ಕಂಪನಿಯ ತಾಣದಿಂದ ಮಾತ್ರ ಇಳಿಸಿಕೊಳ್ಳಬೇಕು. “ನಿಮ್ಮ ಸೌಂಡ್ ಡ್ರೈವರ್ ಹಾಳಾಗಿದೆ” ಎಂದು ಹೆದರಿಸುವ ಜಾಹೀರಾತುಗಳನ್ನು ಒತ್ತುವುದು, ಫೋನಿನಲ್ಲಿ ಸಿಕ್ಕ ಅಪರಿಚಿತರ ಮಾತು ಕೇಳಿ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳುವುದು ಬ್ಯಾಂಕ್ ಖಾತೆಗೇ ಕುತ್ತು ತರಬಲ್ಲ ಕೆಲಸ. ಹಾಗೆ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಸೌಂಡಿನ ಚಿಪ್ ನಿಜವಾಗಿಯೂ ಸುಟ್ಟುಹೋಗುವುದು ಇಲ್ಲವೆಂದು ನಾನು ಹೇಳುತ್ತಿಲ್ಲ. ಕಾಫಿಯ ಹೂಮಳೆಯ ದಿನಗಳಿಂದ ಮುಂಗಾರು ಹಿಡಿಯುವವರೆಗಿನ ಸಿಡಿಲುಗಳು ಕರೆಂಟಿನ ತಂತಿಯಿಂದಲ್ಲದೆ ಟೆಲಿಫೋನ್, ಕೇಬಲ್ ಟಿವಿಗಳ ತಂತಿಯ ಮೂಲಕವೂ ಮನೆಯೊಳಕ್ಕೆ ಬರುತ್ತವೆ. ಗುಡುಗು ದೂರದಲ್ಲಿರುವಾಗಲೇ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡುವುದೇ ರಕ್ಷಣೆ. ಆದರೆ ಚಿಪ್ ಸತ್ತಿದ್ದು ಮಿಕ್ಕೆಲ್ಲ ಕೆಲಸಗಳೂ ಸರಾಗವಾಗಿ ನಡೆಯುತ್ತಿದ್ದರೆ, ಧ್ವನಿಯೊಂದಕ್ಕಾಗಿ ಸಾವಿರಾರು ರೂಪಾಯಿ ಕೊಟ್ಟು ಮದರ್‌ಬೋರ್ಡ್ ಬದಲಿಸುವ ಅಗತ್ಯವಿಲ್ಲ. ಯುಎಸ್‌ಬಿ ತೂತಿಗೆ ಚುಚ್ಚುವ, ಹೆಬ್ಬೆರಳಿನಷ್ಟು ಗಾತ್ರದ ಸೌಂಡ್ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಧ್ವನಿಯ ಚಿಪ್ ಅದರೊಳಗೇ ಇರುವುದರಿಂದ ಬೋರ್ಡಿನ ಸತ್ತ ಚಿಪ್ಪಿನ ಹಂಗು ಅದಕ್ಕಿಲ್ಲ. ಇದನ್ನು ಗಿರಾಕಿಗೆ ತಿಳಿಸದೆ ಬೋರ್ಡಿನ ಬೆಲೆಯನ್ನೇ ಮುಂದಿಡುವುದು ನ್ಯಾಯವಲ್ಲ.

ಕಣ್ಣು ಕಾಣುವವರಿಗೆ ಧ್ವನಿ ನಿಂತರೆ ಹಾಡು, ಪಾಠ, ಕರೆಗಳು ನಿಲ್ಲುತ್ತವೆ. ದೃಷ್ಟಿ ಇಲ್ಲದವರಿಗೆ ಇಡೀ ಕಂಪ್ಯೂಟರೇ ನಿಂತುಹೋಗುತ್ತದೆ. ಪರದೆಯ ಮೇಲಿರುವುದನ್ನು ಓದಿಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾಗಿ ದೊರೆಯುತ್ತಿದ್ದು ಕನ್ನಡವನ್ನೂ ಓದುತ್ತದೆ. ನಮ್ಮ ಜಿಲ್ಲೆಯಲ್ಲೂ ಇಂಥ ತಂತ್ರಾಂಶವನ್ನು ನಂಬಿ ಓದುತ್ತಿರುವ ವಿದ್ಯಾರ್ಥಿಗಳಿದ್ದಾರೆ. ನಾನು ಮೇಲೆ ಬರೆದ ಮೂಲೆಯ ಚಿತ್ರ, ಹಸಿರು ಪಟ್ಟಿ, ಮಸುಕಾದ ಹೆಸರು ಇವು ಯಾವುವೂ ಅವರ ನೆರವಿಗೆ ಬರುವುದಿಲ್ಲ. ಅಂಥವರ ಮೇಜಿನಲ್ಲಿ ಒಂದು ಯುಎಸ್‌ಬಿ ಹೆಡ್‌ಸೆಟ್ ಸದಾ ಇರಲೇಬೇಕೆಂದು ಅವರ ಪೋಷಕರನ್ನೂ ಶಿಕ್ಷಕರನ್ನೂ ಕೋರುತ್ತೇನೆ. ಅದನ್ನು ಚುಚ್ಚಿದಾಗ ವಿಂಡೋಸ್ ಸಾಮಾನ್ಯವಾಗಿ ಧ್ವನಿಯನ್ನು ಅದಕ್ಕೇ ತಿರುಗಿಸುತ್ತದೆ. ಎನ್‌ವಿಡಿಎ ಆಗಲೂ ಮಾತನಾಡದಿದ್ದರೆ ವಿಂಡೋಸ್, ಕಂಟ್ರೋಲ್ ಮತ್ತು ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ವಿಂಡೋಸಿನಲ್ಲೇ ಇರುವ ನರೇಟರನ್ನು ಎಬ್ಬಿಸಿ, ಯಾರ ನೆರವೂ ಇಲ್ಲದೆ ಸೆಟ್ಟಿಂಗ್ಸ್ ಸರಿಪಡಿಸಿಕೊಳ್ಳಬಹುದು.

ಕಂಪ್ಯೂಟರ್ ಅಂಗಡಿಗಳವರಲ್ಲಿ ನನ್ನ ವಿನಂತಿ ಇಷ್ಟೇ. ಗಿರಾಕಿ ಫೋನ್ ಮಾಡಿದಾಗ “ತಂದುಬಿಡಿ” ಎನ್ನುವ ಮೊದಲು ಸ್ಪೀಕರನ್ನು ಮೊಬೈಲಿಗೆ ಹಾಕಿ ನೋಡಿದಿರಾ, ಇತ್ತೀಚೆಗೆ ಮಾನಿಟರ್ ಬದಲಿಸಿದಿರಾ ಎಂದು ಕೇಳಿ. ದುರಸ್ತಿ ಮಾಡಿದ ಮೇಲೆ ರಸೀದಿಯಲ್ಲಿ ‘ಸರ್ವಿಸ್’ ಎಂದಷ್ಟೇ ಬರೆಯದೆ, ದೋಷ ಎಲ್ಲಿತ್ತು, ಏನು ಮಾಡಲಾಯಿತು ಎಂದು ಕನ್ನಡದಲ್ಲಿ ಒಂದು ಸಾಲು ಬರೆದುಕೊಡಿ. ತಮ್ಮ ಪತ್ರಿಕೆಯೂ ಇಂಥ ಮನೆಮಟ್ಟದ ಪರೀಕ್ಷೆಗಳನ್ನು ಪರದೆಯ ಚಿತ್ರಗಳೊಂದಿಗೆ ಕಾಲು ಪುಟದಷ್ಟಾದರೂ ಪ್ರಕಟಿಸಿದರೆ, ಅದನ್ನು ಕತ್ತರಿಸಿ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳ ಗೋಡೆಗೆ ಅಂಟಿಸುವಂತೆ ಗ್ರಂಥಪಾಲಕರನ್ನು ಕೇಳಿಕೊಳ್ಳಬಹುದು. ನಮ್ಮ ಪಂಚಾಯಿತಿಯಲ್ಲಿ ಆ ಕೆಲಸದ ಹೊಣೆಯನ್ನು ನಾನೇ ಹೊರಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಓದುಗ, ನಾಪೋಕ್ಲು, ಕೊಡಗು ಜಿಲ್ಲೆ