ಲೋವರಿಂಗ್ ಸ್ಪ್ರಿಂಗ್ ಹಾಕಿ ಹ್ಯಾಂಡ್ಲಿಂಗ್ ಹಾಳು ಮಾಡಿರೋ ಬಗ್ಗೆ ದೂರು

ವರ್ಕ್‌ಶಾಪ್ ಮಾಲೀಕರಿಗೆ,

ನಮಸ್ಕಾರ ಸಾರ್. ನನ್ನ ಪೋಲೋ ಜಿಟಿ ಟಿಎಸ್‌ಐ ಕಾರಿಗೆ ಹೋದ ತಿಂಗಳು ನಿಮ್ಮಲ್ಲಿ 40 ಎಂಎಂ ಲೋವರಿಂಗ್ ಸ್ಪ್ರಿಂಗ್ (ಗಾಡಿನ ಅಷ್ಟು ತಗ್ಗಿಸೋ ಸ್ಪ್ರಿಂಗ್) ಹಾಕಿಸಿದೀನಿ, ಬಿಲ್ ಫೋಟೋ ಇದರ ಜೊತೆಗಿದೆ. ನಿಮ್ಮ ಹುಡುಗ್ರು ಆಗ ಏನಂದ್ರು ಅಂದ್ರೆ ಗಾಡಿ ರೋಡಿಗೆ ಅಂಟ್ಕೊಂಡು ಹೋಗುತ್ತೆ, ಝೀರೋ ಟು ಹಂಡ್ರೆಡ್, ಅಂದ್ರೆ ನಿಂತಲ್ಲಿಂದ ನೂರು ಕಿಮೀ ಸ್ಪೀಡ್ ಮುಟ್ಟೋ ಟೈಮು, ಅರ್ಧ ಸೆಕೆಂಡ್ ಕಮ್ಮಿ ಆಗುತ್ತೆ ಅಂತ. ಎರಡೂ ಆಗಿಲ್ಲ, ಮೊದ್ಲಿದ್ದ ಹ್ಯಾಂಡ್ಲಿಂಗೂ ಹೋಗಿದೆ.

ಪಿಕಪ್ ವಿಷ್ಯ ತಗೊಳಿ. ಗಾಡಿ ಜೋರಾಗಿ ಎಳೆದಾಗ ಭಾರ ಹಿಂದಕ್ಕೆ ಹೋಗುತ್ತೆ, ನಮ್ದು ಫ್ರಂಟ್ ವೀಲ್ ಡ್ರೈವ್ (ಇಂಜಿನ್ ಮುಂದಿನ ಚಕ್ರಗಳನ್ನ ತಿರುಗಿಸುತ್ತೆ), ಹಾಗಾಗಿ ಮುಂದಿನ ಚಕ್ರದ ಗ್ರಿಪ್ ಸ್ವಲ್ಪ ಕಮ್ಮಿ ಆಗುತ್ತೆ, ತಗ್ಗಿಸಿದ್ರೆ ಆ ಭಾರ ಹೋಗೋದು ಕಮ್ಮಿ, ಇಷ್ಟು ಸರಿ. ಆದ್ರೆ ಎಷ್ಟು ಕಮ್ಮಿ? ಸುಮಾರು 1,100 ಕೆಜಿ ಗಾಡಿ, 2.47 ಮೀಟರ್ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ), 0.5 ಜಿ, ಅಂದ್ರೆ ಗುರುತ್ವದ ಅರ್ಧದಷ್ಟು ಜೋರಾಗಿ ಎಳೆದ್ರೂ 40 ಎಂಎಂಗೆ ಸಿಗೋದು ಮುಂದಿನ ಎರಡೂ ಚಕ್ರ ಸೇರಿ 9 ಕೆಜಿ ಭಾರ ಅಷ್ಟೇ. ಅದೂ ಚಕ್ರ ಸ್ಪಿನ್ ಆಗೋ ಫಸ್ಟ್ ಗೇರಲ್ಲಿ ಮಾತ್ರ ಉಪಯೋಗ, ಆಮೇಲೆ ಎಲ್ಲಾ ಇಂಜಿನ್ ಪವರು, ಗೇರಿಂಗು, ಗಾಡಿ ತೂಕ. ಸ್ಪ್ರಿಂಗ್ ಬದಲಾಯಿಸಿ ಅರ್ಧ ಸೆಕೆಂಡ್ ಎಲ್ಲಿಂದ ಬರಬೇಕು ಸಾರ್?

ಇದಕ್ಕಿಂತ ನನಗೆ ಭಯ ಆಗಿರೋದು ಹ್ಯಾಂಡ್ಲಿಂಗ್. ಚಾರ್ಮಾಡಿ ಘಾಟಲ್ಲಿ ತಿರುವಿನ ಮಧ್ಯ ಸಣ್ಣ ಗುಂಡಿ ಸಿಕ್ಕಿದ್ರೆ ಸಾಕು, ಸ್ಟೇರಿಂಗ್ ತಾನಾಗೇ ಎಳೆಯುತ್ತೆ, ಮುಂದೆ ಧಡ್ ಅಂತ ಬಡಿದು ಟೈರ್ ಗ್ರಿಪ್ ಬಿಡುತ್ತೆ, ಪಕ್ಕದಲ್ಲಿ ಪ್ರಪಾತ ಇರೋ ರೋಡಲ್ಲಿ ಹೀಗಾದ್ರೆ ಮನೆಯವರನ್ನ ಕೂರಿಸ್ಕೊಂಡು ಹೋಗೋದು ಹೇಗೆ. ಬೇರೆ ಕಡೆ ಚೆಕ್ ಮಾಡಿಸಿದ್ರೆ ಹಳೇ ಶಾಕ್ ಅಬ್ಸಾರ್ಬರ್ ಹಾಗೇ ಇದೆ, ಬಂಪ್ ಸ್ಟಾಪ್ (ಚಕ್ರ ಮೇಲೆ ಹೋಗೋದನ್ನ ತಡೆಯೋ ರಬ್ಬರ್) ಬದಲಾಯಿಸಿಲ್ಲ, ಚಕ್ರ ಸ್ವಲ್ಪ ಮೇಲೆ ಹೋದ್ರೆ ಸಾಕು ಬಂಪ್ ಸ್ಟಾಪಿಗೆ ತಗಲುತ್ತೆ. ಟೋ ಪೂರ್ತಿ ಔಟ್, ಅಂದ್ರೆ ಮುಂದಿನ ಚಕ್ರಗಳ ಮುಂಭಾಗ ಹೊರಕ್ಕೆ ತಿರುಗಿದೆ, ಅಲೈನ್‌ಮೆಂಟ್ ಮಾಡೇ ಇಲ್ಲ ಅಂದ್ರು, ಟೈರ್ ಒಳಗಿನ ಅಂಚು ಆಗ್ಲೇ ಸವೆದಿದೆ.

ಈ ಗಾಡಿ ಮುಂದಗಡೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು ಶಾಕು ಒಂದೇ ಕಂಬದಲ್ಲಿರೋ ಸಸ್ಪೆನ್ಶನ್). ಜಾಸ್ತಿ ತಗ್ಗಿಸಿದ್ರೆ ಚಕ್ರನ ಕೆಳಗಡೆ ಹಿಡಿಯೋ ಲೋವರ್ ಆರ್ಮ್, ಸ್ಟೇರಿಂಗಿಂದ ಚಕ್ರ ತಿರುಗಿಸೋ ಟೈ ರಾಡ್ ಆಂಗಲ್ ಬದಲಾಗುತ್ತೆ, ಅದಕ್ಕೇ ಗುಂಡಿಗೆ ಬಿದ್ದಾಗ ಚಕ್ರ ತಾನೇ ತಿರುಗೋದು. ಬಾಡಿ ಇಳಿದಿದ್ದಕ್ಕಿಂತ ರೋಲ್ ಸೆಂಟರ್ (ತಿರುವಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತೋ ಅದು) ಜಾಸ್ತಿ ಕೆಳಗೆ ಹೋಗುತ್ತೆ, ಅಂದ್ರೆ ಬರೀ ತಗ್ಗಿಸಿದ್ದಕ್ಕೇ ವಾಲಾಟ ಕಮ್ಮಿ ಆಗಲ್ಲ, ಸ್ಪ್ರಿಂಗು ಶಾಕು ಒಂದಕ್ಕೊಂದು ಸರಿಯಾಗಿ ಹೊಂದಿರಬೇಕು. ಸಸ್ಪೆನ್ಶನ್ ಸ್ಪೆಷಲಿಸ್ಟ್ ಅಂತ ಬೋರ್ಡ್ ಹಾಕಿರೋರು ಗಿರಾಕಿಗೆ ಇದನ್ನ ಮೊದ್ಲೇ ಹೇಳಬೇಕಲ್ವಾ?

ನನ್ನ ಒರಿಜಿನಲ್ ಸ್ಪ್ರಿಂಗ್ ನಿಮ್ಮ ಹತ್ರನೇ ಇದೆ. ಅದನ್ನ ವಾಪಸ್ ಹಾಕಿ, ಅಲೈನ್‌ಮೆಂಟ್ ಮಾಡಿಸಿ ರಿಪೋರ್ಟ್ ಕೊಡಿ, ಸ್ಪ್ರಿಂಗ್ ದುಡ್ಡು, ಲೇಬರ್ ಚಾರ್ಜ್, ಸವೆದಿರೋ ಎರಡು ಟೈರಿನ ದುಡ್ಡು ವಾಪಸ್ ಮಾಡಿ. 15 ದಿನದೊಳಗೆ ಉತ್ತರ ಬರದಿದ್ರೆ ಬಿಲ್ಲು, ಅಲೈನ್‌ಮೆಂಟ್ ಶೀಟು, ನಿಮ್ಮ ಹುಡುಗ್ರ ವಾಟ್ಸಾಪ್ ಮೆಸೇಜು ಎಲ್ಲಾ ಇಟ್ಟು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡ್ತೀನಿ. ಅಲ್ಲೀವರೆಗೂ ಗಾಡಿ ಮನೇಲೇ ನಿಂತಿರುತ್ತೆ, ಹೀಗಿರೋ ಗಾಡಿನ ನಾನು ರೋಡಿಗೆ ಇಳಿಸಲ್ಲ.

ಇಂತಿ,
ನಿಮ್ಮ ಗ್ರಾಹಕ