ಬಾಡಿಗೆ ಮನೆ ನಿರ್ವಹಣೆಯಲ್ಲಿ ನಿರ್ಲಕ್ಷ್ಯ: ನಷ್ಟ ಪರಿಹಾರ ಮತ್ತು ಲೆಕ್ಕಪತ್ರ ಕೋರಿ ದೂರು

ಇವರಿಗೆ,
ವ್ಯವಸ್ಥಾಪಕರು,
ಮನೆ ಮಾಲೀಕರ ಸೇವಾ ವಿಭಾಗ,
ಬೆಂಗಳೂರು.

ಮಾನ್ಯರೇ,

ನಂದಿ ಬೆಟ್ಟದ ತಪ್ಪಲಿನಲ್ಲಿರುವ ನನ್ನ ಮನೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು ನೋಡಿಕೊಳ್ಳುವ ಜವಾಬ್ದಾರಿಯನ್ನು ಒಪ್ಪಂದ ಮಾಡಿಕೊಂಡು ನಿಮ್ಮ ಸಂಸ್ಥೆಗೆ ವಹಿಸಿದ್ದೇನೆ. ಬಂದ ಬಾಡಿಗೆಯಲ್ಲಿ ಶೇ 25ರಷ್ಟನ್ನು ನೀವು ಹಿಡಿದುಕೊಳ್ಳುತ್ತೀರಿ. ಸ್ವಚ್ಛತೆ, ನೀರು, ಕರೆಂಟು, ಸಣ್ಣಪುಟ್ಟ ರಿಪೇರಿ, ಬಂದವರ ಮೇಲೆ ನಿಗಾ ಎಲ್ಲವೂ ಆ ಕಮಿಷನ್ನಿನೊಳಗೇ ಸೇರಿದೆ ಎಂದು ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿದೆ. ಬುಕಿಂಗ್ ತರುವುದರಲ್ಲಿ ನೀವು ಹಿಂದೆ ಬಿದ್ದಿಲ್ಲ, ಅದನ್ನು ಒಪ್ಪುತ್ತೇನೆ. 2023ರ ಜನವರಿಯಲ್ಲಿ ಆವಲಗುರ್ಕಿಯಲ್ಲಿ ಆದಿಯೋಗಿ ಪ್ರತಿಮೆ ಅನಾವರಣವಾದ ಮೇಲಂತೂ ಈ ಕಡೆ ಶನಿವಾರ, ಭಾನುವಾರ ಮನೆ ಖಾಲಿ ಇರುವುದೇ ಅಪರೂಪ. ಆದರೆ ಮನೆ ನೋಡಿಕೊಳ್ಳುವ ಕೆಲಸ ಮಾತ್ರ ಆಗುತ್ತಿಲ್ಲ.

ಮೊದಲು ಬೋರ್‌ವೆಲ್ ವಿಚಾರ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ತಂದು ನಮ್ಮ ಕೆರೆಗಳಿಗೆ ತುಂಬಿಸುವ ಪರಿಸ್ಥಿತಿ ಇದೆ. ಇಂಥ ಕಡೆ ನೀರು ಸಿಕ್ಕ ಬೋರನ್ನು ಎಷ್ಟು ಜೋಪಾನ ಮಾಡಬೇಕೆಂದು ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನ ಬೋರಿನಲ್ಲಿ ಅರ್ಧ ಗಂಟೆ ಮೋಟರ್ ಓಡಿಸಿದರೆ ನೀರು ಕೆಳಕ್ಕೆ ಇಳಿಯುತ್ತದೆ. ನಿಲ್ಲಿಸಿ, ಮತ್ತೆ ಊರಲು ಬಿಡಬೇಕು. ಮನೆ ಒಪ್ಪಿಸುವಾಗ ನಿಮ್ಮ ಸೂಪರ್‌ವೈಸರ್‌ಗೆ ಸ್ಟಾರ್ಟರ್ ಪೆಟ್ಟಿಗೆಯ ಮುಂದೆಯೇ ನಿಂತು ಇದನ್ನು ಹೇಳಿದ್ದೆ. ಪೆಟ್ಟಿಗೆಯ ಬಾಗಿಲಿನ ಒಳಗೆ ಚೀಟಿ ಬರೆದು ಅಂಟಿಸಿದ್ದೆ. ಆ ಚೀಟಿ ಇವತ್ತಿಗೂ ಅಲ್ಲೇ ಇದೆ. ನಿಮ್ಮ ಹುಡುಗರು ಸ್ವಿಚ್ಚನ್ನು ಆಟೋಗೆ ಹಾಕಿಟ್ಟು ಹೋಗಿದ್ದಾರೆ. ತ್ರೀ ಫೇಸ್ ಕರೆಂಟ್ ಬಂದಾಗಲೆಲ್ಲ ಮೋಟರ್ ತಾನಾಗಿ ಶುರುವಾಗಿ, ಟ್ಯಾಂಕ್ ತುಂಬಿ ಹರಿದು, ಕೊನೆಗೆ ನೀರಿಲ್ಲದೆ ಓಡಿ ಕಾಯಿಲ್ ಸುಟ್ಟಿದೆ. ಬೋರಿನೊಳಗಿನ ಮೋಟರನ್ನು ತಂಪಾಗಿಡುವುದೇ ಅದರ ಸುತ್ತಲಿನ ನೀರು. ಆ ನೀರೇ ಇಲ್ಲದಾಗ ಸುಡದೆ ಇನ್ನೇನಾಗುತ್ತದೆ? ಪೈಪು, ಕೇಬಲ್ ಸಮೇತ ಮೇಲೆತ್ತಿಸಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸಿದ ಅಷ್ಟೂ ಖರ್ಚನ್ನು ‘ಮಾಲೀಕರ ರಿಪೇರಿ’ ಎಂದು ತೋರಿಸಿ ನನ್ನ ಬಾಡಿಗೆಯಲ್ಲಿ ಮುರಿದುಕೊಂಡಿದ್ದೀರಿ. ಆ ದಿನಗಳ ಟ್ಯಾಂಕರ್ ಬಿಲ್ಲನ್ನೂ ನನ್ನ ತಲೆಗೇ ಕಟ್ಟಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ.

ಬಿಲ್ಲಿನ ಮಾತು ಬಂದಿದ್ದರಿಂದ ಇದನ್ನೂ ಹೇಳುತ್ತೇನೆ. ಈ ಭಾಗದ ಆಳದ ಬೋರ್ ನೀರು ಗಡಸು, ಜೊತೆಗೆ ಫ್ಲೋರೈಡ್ ಕಾಟ ಬೇರೆ. ಹಾಗಾಗಿಯೇ ಅಡುಗೆಮನೆಯಲ್ಲಿ ಆರ್‌ಒ ಫಿಲ್ಟರ್ ಹಾಕಿಸಿದ್ದೇನೆ. ಅದರಲ್ಲಿ ನೀರು ಸೋಸುವ ಮೆಂಬ್ರೇನ್ ಬದಲಿಸಿದ್ದಾಗಿ ನೀವು ಬಿಲ್ ಕಳಿಸಿದ್ದೀರಿ. ಬಿಚ್ಚಿಸಿ ನೋಡಿದರೆ, ಫಿಲ್ಟರ್ ಕೂರಿಸಿದ ದಿನ ಮೆಕ್ಯಾನಿಕ್ ಪೆನ್ನಿನಲ್ಲಿ ತಾರೀಖು ಬರೆದಿದ್ದ ಹಳೆಯ ಮೆಂಬ್ರೇನೇ ಒಳಗೆ ಕೂತಿದೆ. ಮಕ್ಕಳನ್ನು ಕರೆದುಕೊಂಡು ಬರುವವರು ಕುಡಿಯುವ ನೀರು ಇದು. ಗೀಸರ್ ಸರ್ವೀಸ್ ಬಿಲ್ಲಿನದೂ ಇದೇ ಕಥೆ; ಕಾಯಿಲ್ ಮೇಲೆ ಬೆಳ್ಳಗೆ ಗಟ್ಟಿ ಪದರ ಕಟ್ಟಿದ್ದು, ಯಾರೂ ಕೈ ಹಾಕಿಲ್ಲ. ಎರಡರ ಫೋಟೊಗಳನ್ನೂ ಲಗತ್ತಿಸಿದ್ದೇನೆ.

ದುಡ್ಡಿನ ನಷ್ಟಕ್ಕಿಂತ ನನಗೆ ಹೆಚ್ಚು ನೋವಾಗಿರುವುದು ಪಕ್ಕದವರಿಗೆ ಆದ ತೊಂದರೆಯಿಂದ. ನನ್ನ ಬೇಲಿಯ ಆಚೆಗೇ ಅವರ ರೇಷ್ಮೆ ಹುಳು ಸಾಕುವ ಮನೆ. ಹುಳುವಿಗೆ ಹೊಗೆ ಆಗಿಬರುವುದಿಲ್ಲ. ಹಾಗಾಗಿ ಬಯಲಲ್ಲಿ ಬೆಂಕಿ ಹಾಕುವಂತಿಲ್ಲ, ಎಂಟು ಜನಕ್ಕಿಂತ ಹೆಚ್ಚು ಉಳಿಸುವಂತಿಲ್ಲ, ರಾತ್ರಿ 10ರ ಮೇಲೆ ಸ್ಪೀಕರ್ ಹಾಕುವಂತಿಲ್ಲ ಎಂದು ಒಪ್ಪಂದದಲ್ಲಿ ಬರೆಸಿದ್ದೆ. ನೀವು ನನ್ನನ್ನು ಒಂದು ಮಾತೂ ಕೇಳದೆ ಜಾಹೀರಾತಿನಲ್ಲಿ ‘ಕ್ಯಾಂಪ್‌ಫೈರ್ ಸೌಲಭ್ಯವಿದೆ’ ಎಂದು ಸೇರಿಸಿ, ಸೌದೆಗೆ ಪ್ರತ್ಯೇಕ ದುಡ್ಡು ವಸೂಲಿ ಮಾಡುತ್ತಿದ್ದೀರಿ. ಪಕ್ಕದವರು ಹಣ್ಣಾದ ಹುಳುಗಳನ್ನು ಗೂಡು ಕಟ್ಟಲೆಂದು ಚಂದ್ರಿಕೆಗೆ (ಬಿದಿರಿನ ತಟ್ಟೆಗೆ) ಬಿಟ್ಟಿದ್ದ ರಾತ್ರಿಯೇ ಅಂಗಳದಲ್ಲಿ ಬೆಂಕಿ ಹಾಕಿಸಿದ್ದೀರಿ. ಗಾಳಿ ಆ ಕಡೆಗೇ ಇತ್ತು. ಬೆಳಿಗ್ಗೆ ಅವರು ಫೋನ್ ಮಾಡಿ, “ಅಕ್ಕಾ, ಶಿಡ್ಲಘಟ್ಟ ಮಾರ್ಕೆಟ್ಟಿಗೆ ಗೂಡು ಹಾಕಿದ್ರೇನೇ ನಮ್ಮನೆ ನಡೆಯೋದು, ನಿಮ್ಮನೇವ್ರು ಅಂತ ರಾತ್ರಿ ಸುಮ್ನಿದ್ದೆ” ಎಂದರು. ನನಗೆ ಉತ್ತರ ಕೊಡಲು ಬಾಯಿ ಬರಲಿಲ್ಲ. ನಮ್ಮ ತಂದೆಯ ಕಾಲದಿಂದ ನೀರು, ದಾರಿ ಯಾವುದಕ್ಕೂ ಜಗಳವಾಡದ ಮನೆಗಳು ನಮ್ಮವು. ನಿಮ್ಮ ಸಹಾಯವಾಣಿಗೆ ತಿಳಿಸಿದರೆ ‘ದೂರು ದಾಖಲಾಗಿದೆ’ ಎಂಬ ಮೆಸೇಜ್ ಬಂತು, ಮನುಷ್ಯರು ಯಾರೂ ಮಾತಾಡಲಿಲ್ಲ.

ಮೋಟರ್ ರಿಪೇರಿ ಮತ್ತು ಟ್ಯಾಂಕರಿಗೆ ಮುರಿದುಕೊಂಡ ಹಣವನ್ನೂ, ಮಾಡದ ಸರ್ವೀಸಿಗೆ ಪಡೆದ ಹಣವನ್ನೂ ನನ್ನ ಖಾತೆಗೆ ವಾಪಸ್ ಹಾಕಬೇಕು. ಕ್ಯಾಂಪ್‌ಫೈರ್ ಸಾಲನ್ನು ಜಾಹೀರಾತಿನಿಂದ ಇಂದೇ ತೆಗೆಯಬೇಕು. ನಿಮ್ಮ ಜವಾಬ್ದಾರಿಯುತ ಅಧಿಕಾರಿಯೊಬ್ಬರು ಪಕ್ಕದವರ ಮನೆಗೆ ಹೋಗಿ, ಆ ಬೆಳೆಯಲ್ಲಿ ಆಗಿರುವ ನಷ್ಟವನ್ನು ಅವರ ಬಾಯಿಂದಲೇ ಕೇಳಿ ತುಂಬಿಕೊಡಬೇಕು. ತಿಂಗಳುವಾರು ಬುಕಿಂಗ್ ಲೆಕ್ಕ ಮತ್ತು ತಂಗಿದವರ ಗುರುತಿನ ದಾಖಲೆಗಳ ರಿಜಿಸ್ಟರ್ ನನಗೆ ಬೇಕು. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕೆಂಬ ನಿಯಮವಿದೆ. ಅದು ಸಲ್ಲಿಕೆಯಾಗಿದೆಯೇ ಎಂಬುದಕ್ಕೆ ದಾಖಲೆ ಕೊಡಿ. ನನ್ನ ಹೆಸರಿನಲ್ಲಿ ಕಡಿತ ಮಾಡಿದ ಟಿಡಿಎಸ್ (ಮೂಲದಲ್ಲೇ ಮುರಿದ ತೆರಿಗೆ) ಆದಾಯ ತೆರಿಗೆ ಇಲಾಖೆಯ ನನ್ನ ತೆರಿಗೆ ವಿವರಪಟ್ಟಿಯಾದ 26ಎಎಸ್‌ನಲ್ಲಿ ಕಾಣುತ್ತಿಲ್ಲ, ಅದನ್ನೂ ಸರಿಪಡಿಸಿ.

ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಇದು ವ್ಯಾಪಾರದ ವ್ಯವಹಾರ, ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಎಂದು ನಿಮ್ಮ ಕಚೇರಿಯವರು ಫೋನಿನಲ್ಲಿ ಹೇಳಿದರು. ನಾನು ಈ ಸೇವೆ ಪಡೆದಿರುವುದು ಜೀವನೋಪಾಯಕ್ಕಾಗಿಯೇ; 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಇದು ಬರುತ್ತದೆಯೋ ಇಲ್ಲವೋ ಎಂಬುದನ್ನು ಆಯೋಗವೇ ತೀರ್ಮಾನಿಸಲಿ. ಈ ಮನೆಯ ಬಾಡಿಗೆ ಬಿಟ್ಟರೆ ನನಗೆ ಬೇರೆ ಆದಾಯವಿಲ್ಲ.

ಲೆಕ್ಕ ಚುಕ್ತಾ ಆಗುವವರೆಗೆ ಹೊಸ ಬುಕಿಂಗ್ ತೆಗೆದುಕೊಳ್ಳಬೇಡಿ. ಸ್ಟಾರ್ಟರ್ ಪೆಟ್ಟಿಗೆಯ ಬೀಗದ ಕೈಯನ್ನು ಈ ವಾರವೇ ನನಗೆ ತಲುಪಿಸಿ.

ಇಂತಿ,
ಮನೆಯ ಮಾಲೀಕಳು,
ನಂದಿ ಹೋಬಳಿ, ಚಿಕ್ಕಬಳ್ಳಾಪುರ ತಾಲ್ಲೂಕು.

ಲಗತ್ತು: ಒಪ್ಪಂದದ ಪ್ರತಿ, ಬಿಲ್ಲುಗಳು, ಫೋಟೊಗಳು.